ಒಬ್ಬ ಐರಿಷ್ ಕವಿಯ ನೆನಪುಗಳು: ಡಬ್ಲಿನ್ನಿನಿಂದ ಮದನಪಲ್ಲಿಗೆ

ಸಾಹಿತಿಗಳು ಬರೆದ ಆತ್ಮಕಥೆಗಳನ್ನು ನಾವು ಸಾಮಾನ್ಯವಾಗಿ ಎರಡು ಕಾರಣಗಳಿಂದ ಓದುತ್ತೇವೆ. ಮೆಚ್ಚಿದ ಕೃತಿಗಳು ಹೇಗೆ ಹುಟ್ಟಿದುವೆಂದು ತಿಳಿಯುವ ಕುತೂಹಲ ಒಂದು. ದೊಡ್ಡವರು ತಮ್ಮತಮ್ಮೊಳಗೆ ಹೇಗಿದ್ದರು, ಯಾರೊಡನೆ ಜಗಳವಾಡಿದರು, ಯಾರ ಸಾಲವನ್ನು ತೀರಿಸದೆ ಹೋದರು ಎಂದು ತಿಳಿಯುವ ಚಾಪಲ್ಯ ಇನ್ನೊಂದು. ಐರ್ಲೆಂಡಿನ ಸಾಹಿತಿಗಳು ಈ ಎರಡನ್ನೂ ಧಾರಾಳವಾಗಿ ತಣಿಸಿದ್ದಾರೆ. ಜಾರ್ಜ್ ಮೂರ್ ೧೯೧೧ರಿಂದ ೧೯೧೪ರವರೆಗೆ ಮೂರು ಸಂಪುಟಗಳನ್ನು ಅಚ್ಚು ಹಾಕಿಸಿ, ಡಬ್ಲಿನ್ ನಗರದ ತನ್ನ ಮಿತ್ರರನ್ನೆಲ್ಲ ಸವಿಯಾಗಿಯೇ ಚುಚ್ಚಿದನು. ಓಕೇಸಿ ತನ್ನ ಬಾಳನ್ನು ಆರು ಸಂಪುಟಗಳಲ್ಲಿ ಹರಡಿದನು. ಗೊಗಾರ್ಟಿ ಎಂಬ ವೈದ್ಯಕವಿ ೧೯೩೭ರಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿ, ಮಾನನಷ್ಟದ ಮೊಕದ್ದಮೆಗೆ ಸಿಕ್ಕಿ ಹಣ ತೆತ್ತನು. ಆ ಊರಿನಲ್ಲಿ ನೆನಪೂ ಒಂದು ಆಯುಧವೆಂದರೆ ತಪ್ಪಾಗದು.

ಈ ಹೊತ್ತು ನಾವು ಹೇಳಬೇಕೆಂದಿರುವುದು ಅದೇ ಡಬ್ಲಿನ್ನಿನ, ಆದರೆ ಬೇರೊಂದು ಬಗೆಯ ನೆನಪುಗಳ ವಿಚಾರವನ್ನು. ಅವುಗಳನ್ನು ಬರೆದವರು ಜೇಮ್ಸ್ ಹೆನ್ರಿ ಕಸಿನ್ಸ್ ಮತ್ತು ಅವರ ಪತ್ನಿ ಮಾರ್ಗರೆಟ್ ಕಸಿನ್ಸ್. ಪುಸ್ತಕದ ಹೆಸರು ‘ವಿ ಟೂ ಟುಗೆದರ್’. ‘ನಾವಿಬ್ಬರೂ ಜೊತೆಯಾಗಿ’ ಎಂದು ಕನ್ನಡದಲ್ಲಿ ಹೇಳಬಹುದು. ಅದು ಅಚ್ಚಾದುದು ಲಂಡನ್ನಿನಲ್ಲಿ ಅಲ್ಲ, ಡಬ್ಲಿನ್ನಿನಲ್ಲಿಯೂ ಅಲ್ಲ; ೧೯೫೦ರಲ್ಲಿ, ಮದರಾಸಿನ ಗಣೇಶ್ ಆ್ಯಂಡ್ ಕಂಪೆನಿಯವರಿಂದ. ಏಳುನೂರಕ್ಕೂ ಮಿಕ್ಕ ಪುಟಗಳುಳ್ಳ ಈ ಗ್ರಂಥದಲ್ಲಿ ಗಂಡ ಕೆಲವು ಭಾಗಗಳನ್ನೂ ಹೆಂಡತಿ ಕೆಲವು ಭಾಗಗಳನ್ನೂ ಹೇಳುತ್ತಾರೆ. ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಹಿಡಿಯುತ್ತಾರೆ. ಇಂತಹ ಜೋಡಿ ಆತ್ಮಕಥೆ ಸಾಹಿತ್ಯದಲ್ಲಿ ಅಪೂರ್ವ.

ಕಸಿನ್ಸರು ಹುಟ್ಟಿದುದು ೧೮೭೩ರ ಜುಲೈ ೨೨ರಂದು, ಐರ್ಲೆಂಡಿನ ಉತ್ತರ ಭಾಗದ ಬೆಲ್‌ಫಾಸ್ಟ್ ನಗರದಲ್ಲಿ. ಅದು ಹಡಗು ಕಟ್ಟುವವರ ಊರು, ನಾರುಬಟ್ಟೆಯ ಗಿರಣಿಗಳ ಊರು, ಪ್ರಾಟೆಸ್ಟಂಟರ ಊರು. ಬಡ ಮನೆತನದ ಹುಡುಗನಿಗೆ ಶಾಲೆಯ ಓದು ಬೇಗನೆ ನಿಂತಿತು; ಉಳಿದುದೆಲ್ಲ ಸ್ವಂತ ಪರಿಶ್ರಮದಿಂದ ಕಲಿತದ್ದು. ಗುಮಾಸ್ತನಾಗಿ ದುಡಿದು, ಕೊನೆಗೆ ಆ ನಗರದ ಮೇಯರ್ ಆಗಿದ್ದ ಸರ್ ಡೇನಿಯಲ್ ಡಿಕ್ಸನ್ನರಿಗೆ ಆಪ್ತ ಕಾರ್ಯದರ್ಶಿಯಾಗಿ, ಅವರ ಭಾಷಣಗಳನ್ನು ಬರೆದುಕೊಡುತ್ತಿದ್ದರು. ೧೮೯೪ರಲ್ಲಿ ಮೊದಲ ಕವನಸಂಗ್ರಹ ಹೊರಬಂದಿತು. ಮೂರು ವರ್ಷಗಳ ತರುವಾಯ, ೧೮೯೭ರಲ್ಲಿ, ಅವರು ಡಬ್ಲಿನ್ನಿಗೆ ಬಂದರು.

ಆಗಿನ ಡಬ್ಲಿನ್ ಎಂಥದು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹತ್ತೊಂಬತ್ತನೆಯ ಶತಮಾನದ ನಡುವೆ, ೧೮೪೫ರಿಂದ ಬಿದ್ದ ಆಲೂಗೆಡ್ಡೆಯ ಕ್ಷಾಮದಲ್ಲಿ ಐರ್ಲೆಂಡು ಸುಮಾರು ಹತ್ತು ಲಕ್ಷ ಜನರನ್ನು ಸಾವಿಗೆ ಒಪ್ಪಿಸಿ, ಇನ್ನೂ ಅಷ್ಟು ಜನರನ್ನು ಹಡಗು ಹತ್ತಿಸಿ ಕಳುಹಿಸಿತು. ಹೀಗೆ ಸತ್ತವರಲ್ಲಿಯೂ ಹೋದವರಲ್ಲಿಯೂ ಹೆಚ್ಚಿನವರು ಐರಿಷ್ ಭಾಷೆಯನ್ನು ಆಡುತ್ತಿದ್ದ ಪಶ್ಚಿಮ, ದಕ್ಷಿಣ ಸೀಮೆಗಳ ಬಡ ರೈತರು. ಉಳಿದವರು ಹೊಟ್ಟೆಪಾಡಿಗಾಗಿ ಮಕ್ಕಳಿಗೆ ಇಂಗ್ಲಿಷನ್ನೇ ಕಲಿಸಿದರು. ಎರಡು ತಲೆಮಾರು ಕಳೆಯುವುದರೊಳಗೆ ದೇಶಭಾಷೆ ಮೂಲೆ ಸೇರಿತು. ೧೮೯೨ರಲ್ಲಿ ಡಗ್ಲಸ್ ಹೈಡ್ ಎಂಬ ವಿದ್ವಾಂಸರು, ಐರ್ಲೆಂಡು ಇಂಗ್ಲೆಂಡಿನ ಅನುಕರಣೆಯನ್ನು ಬಿಡಬೇಕೆಂದು ಪ್ರಸಿದ್ಧವಾದ ಉಪನ್ಯಾಸವೊಂದನ್ನು ಮಾಡಿದರು. ಮಾರನೆಯ ವರ್ಷ ಐರಿಷ್ ಭಾಷೆಯನ್ನು ಉಳಿಸುವುದಕ್ಕಾಗಿ ಗೇಲಿಕ್ ಲೀಗ್ ಹುಟ್ಟಿತು. ಭಾಷೆ ಬಾಯಿಂದ ಜಾರುತ್ತಿದ್ದರೂ ಹಳೆಯ ಕಥೆಗಳು ಇನ್ನೂ ಇದ್ದುವು. ಯೇಟ್ಸ್ ಕವಿಯೂ ಅವನ ಸಂಗಡಿಗರೂ ಆ ಕಥೆಗಳನ್ನು ಹಿಡಿದು, ಇಂಗ್ಲಿಷ್ ಭಾಷೆಯಲ್ಲಿಯೇ ಐರಿಷ್ ಸಾಹಿತ್ಯವೊಂದನ್ನು ಕಟ್ಟಲು ಹೊರಟಿದ್ದರು. ಗುಮಾಸ್ತನಾದ ಕಸಿನ್ಸರು ಬಂದು ಸೇರಿದುದು ಈ ಗುಂಪನ್ನು.

ನಾಟಕಶಾಲೆಯ ಕಥೆ ಈ ನೆನಪುಗಳಲ್ಲಿ ಬಹಳ ಸ್ವಾರಸ್ಯವಾದುದು. ಯೇಟ್ಸ್, ಲೇಡಿ ಗ್ರೆಗರಿ, ಎಡ್ವರ್ಡ್ ಮಾರ್ಟಿನ್ ಇವರು ೧೮೯೯ರಲ್ಲಿ ಐರಿಷ್ ಸಾಹಿತ್ಯ ರಂಗವನ್ನು ಆರಂಭಿಸಿದರೂ ನಟರನ್ನು ಇಂಗ್ಲೆಂಡಿನಿಂದ ಕರೆಸಬೇಕಾಗಿತ್ತು. ಐರಿಷ್ ನಾಟಕ, ಬಾಯಿ ಮಾತ್ರ ಇಂಗ್ಲಿಷರದು! ಅದೇ ಊರಿನಲ್ಲಿ ಫ್ರಾಂಕ್ ಫೇ, ವಿಲಿಯಂ ಫೇ ಎಂಬ ಅಣ್ಣತಮ್ಮಂದಿರು ಹಗಲೆಲ್ಲ ಹೊಟ್ಟೆಪಾಡಿನ ಕೆಲಸ ಮಾಡಿ ರಾತ್ರಿ ಹವ್ಯಾಸಿ ನಾಟಕಗಳನ್ನು ಆಡುತ್ತಿದ್ದರು. ಅವರಿಗೆ ಸ್ವದೇಶದ ನಾಟಕ ಬೇಕಾಗಿತ್ತು. ಜಾರ್ಜ್ ರಸೆಲ್, ಎಂದರೆ ‘ಎ. ಇ.’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕವಿಯ ಬಳಿ ‘ಡೀರ್‌ಡ್ರೆ’ ಎಂಬ ಪುರಾಣಕಥೆಯ ನಾಟಕವೊಂದು ಅರೆಬರೆಯಾಗಿ ಇದ್ದಿತು. ಈ ಇಬ್ಬರನ್ನೂ ರಸೆಲರ ಬಳಿಗೆ ಕರೆದುಕೊಂಡು ಹೋದವರು ಕಸಿನ್ಸ್. ೧೯೦೨ರ ಏಪ್ರಿಲ್ ೨ರಂದು ಡಬ್ಲಿನ್ನಿನ ಒಂದು ಚಿಕ್ಕ ಸಭಾಮಂದಿರದಲ್ಲಿ ‘ಡೀರ್‌ಡ್ರೆ’ಯೂ, ಅದರೊಡನೆ ಯೇಟ್ಸನ ‘ಕ್ಯಾಥ್ಲೀನ್ ನಿ ಹೂಲಿಹಾನ್’ ನಾಟಕವೂ ಪ್ರಯೋಗವಾದುವು. ಎರಡನೆಯದರಲ್ಲಿ ದೇಶಮಾತೆಯ ಪಾತ್ರವನ್ನು ಮಾಡ್ ಗಾನ್ ವಹಿಸಿದ್ದಳು. ಮೊದಲನೆಯದರಲ್ಲಿ ಕಸಿನ್ಸರಿಗೂ ಒಂದು ಚಿಕ್ಕ ಪಾತ್ರವಿತ್ತು. ೧೯೦೪ರ ಡಿಸೆಂಬರ್ ೨೭ರಂದು ಬಾಗಿಲು ತೆರೆದು ಲೋಕಪ್ರಸಿದ್ಧವಾದ ಆ್ಯಬಿ ನಾಟಕಶಾಲೆಯ ಬೇರು ಆ ಸಂಜೆಯಲ್ಲಿದೆ.

ಆದರೆ ಬೇರಿಗೆ ನೀರೆರೆದವರೆಲ್ಲರಿಗೂ ಮರದ ನೆರಳು ಸಿಕ್ಕುವುದಿಲ್ಲ. ೧೯೦೨ರಲ್ಲಿಯೇ ಕಸಿನ್ಸರ ಎರಡು ಚಿಕ್ಕ ನಾಟಕಗಳನ್ನು ಅದೇ ತಂಡದವರು ಆಡಿದರು, ಜನ ಮೆಚ್ಚಿದರು. ಮುಂದೆ ಅವರು ಒಂದು ಪ್ರಹಸನವನ್ನು ಬರೆದಾಗ ಯೇಟ್ಸ್ ಅದನ್ನು ಹೀನವಾದುದೆಂದು ಕಂಡು, ತಂಡದವರು ಆಡದಂತೆ ತಡೆದನು. ಯೇಟ್ಸನ ಸಾಹಿತ್ಯವಿವೇಕ ಬಲವಾದುದು. ಅದರ ಜೊತೆಗೆ ಅಧಿಕಾರಪ್ರೀತಿಯೂ ಬಲವಾದುದಾಗಿತ್ತು. ಕಸಿನ್ಸರು ಮೆಲ್ಲಮೆಲ್ಲನೆ ರಂಗದಿಂದ ಹೊರಗಾದರು. ಯಾರದು ಸರಿ ಎಂದು ಈಗ ಕೇಳಿದರೆ, ಕೃತಿಯ ವಿಷಯದಲ್ಲಿ ಯೇಟ್ಸನದೇ ಸರಿಯಿದ್ದಿರಬಹುದು ಎನ್ನಬೇಕು. ಗಮನಿಸಬೇಕಾದುದು ಇನ್ನೊಂದು: ಮೂರ್ ಆಗಿದ್ದರೆ ಈ ಒಂದು ಪ್ರಸಂಗದಿಂದ ಒಂದು ಸಂಪುಟವನ್ನೇ ಬೆಳೆಸುತ್ತಿದ್ದನು. ಕಸಿನ್ಸರ ಗ್ರಂಥದಲ್ಲಿ ಆ ಬಗೆಯ ವಿಷವಿಲ್ಲ.

೧೯೦೩ರಲ್ಲಿ ಅವರು ಮಾರ್ಗರೆಟ್ ಗಿಲೆಸ್ಪಿಯವರನ್ನು ಮದುವೆಯಾದರು. ಆಕೆ ಸಂಗೀತದಲ್ಲಿ ವಿಶ್ವವಿದ್ಯಾನಿಲಯದ ಪದವಿ ಪಡೆದಿದ್ದವರು. ಇಬ್ಬರೂ ಸಸ್ಯಾಹಾರಿಗಳು. ಮಾಂಸವಿಲ್ಲದ ಊಟವನ್ನು ಆ ದೇಶದಲ್ಲಿ ಆ ಕಾಲದಲ್ಲಿ ಜನ ಒಂದು ಬಗೆಯ ಹುಚ್ಚೆಂದೇ ತಿಳಿಯುತ್ತಿದ್ದರು. ಇವರ ಸಂಸಾರ ಕಡಲ ದಂಡೆಯ ಸ್ಯಾಂಡಿಮೌಂಟಿನಲ್ಲಿ ನಡೆಯುತ್ತಿದ್ದಾಗ, ೧೯೦೪ರ ಜೂನ್ ತಿಂಗಳಿನಲ್ಲಿ, ಇರುವುದಕ್ಕೆ ನೆಲೆಯಿಲ್ಲದ ಇಪ್ಪತ್ತೆರಡು ವರ್ಷದ ತರುಣನೊಬ್ಬನು ಕೆಲವು ದಿನ ಅತಿಥಿಯಾಗಿ ಬಂದನು. ಅವನೇ ಜೇಮ್ಸ್ ಜಾಯ್ಸ್. ಒಳ್ಳೆಯ ಕಂಠವಿದ್ದ ಹುಡುಗ. ಮನೆಯಲ್ಲಿ ಪಿಯಾನೊ ನುಡಿಸಬಲ್ಲ ಗೃಹಿಣಿ. ಆದರೂ ಸೊಪ್ಪುತರಕಾರಿಯ ಊಟವೂ ಮನೆಯ ಶಿಸ್ತೂ ಅವನಿಗೆ ಹಿಡಿಸಲಿಲ್ಲ. ಬೇಗನೆ ಹೊರಟುಹೋದನು. ಎಂಟು ವರ್ಷಗಳ ಮೇಲೆ ಡಬ್ಲಿನ್ನಿನ ಸಾಹಿತಿಗಳನ್ನೆಲ್ಲ ಬೈದು ಬರೆದ ಅಣಕುಪದ್ಯದಲ್ಲಿ ಅವನು ಕಸಿನ್ಸರನ್ನೂ ಬಿಡಲಿಲ್ಲ. ೧೯೨೨ರಲ್ಲಿ ಪ್ರಕಟವಾದ ಅವನ ಮಹಾಕಾದಂಬರಿ ‘ಯುಲಿಸೀಸ್’ನಲ್ಲಿ ಕಥಾನಾಯಕರಲ್ಲೊಬ್ಬನಾದ ತರುಣನು ತಾನು ತೀರಿಸಬೇಕಾದ ಸಾಲಗಳನ್ನು ಮನಸ್ಸಿನಲ್ಲೇ ಎಣಿಸಿಕೊಳ್ಳುವ ಒಂದೆಡೆ ಬರುತ್ತದೆ. ಆ ಪಟ್ಟಿಯಲ್ಲಿ ರಸೆಲರಿಗೆ ಒಂದು ಗಿನಿ. ಕಸಿನ್ಸರಿಗೆ ಹತ್ತು ಷಿಲಿಂಗು. ಜಗತ್ತಿನ ಸಾಹಿತ್ಯದಲ್ಲಿ ಕಸಿನ್ಸರು ಅಮರರಾದುದು ಹೀಗೆ ಒಬ್ಬ ಸಾಲಿಗರಾಗಿ! ಸಾಲ ಕೊಟ್ಟವರ ಪಟ್ಟಿಯಲ್ಲಿ ಇರುವುದು ಅಗೌರವವೇನೂ ಅಲ್ಲವಷ್ಟೆ.

ಜೀವನೋಪಾಯಕ್ಕಾಗಿ ಅವರು ೧೯೦೫ರಿಂದ ಡಬ್ಲಿನ್ ಹೈಸ್ಕೂಲಿನಲ್ಲಿ ಇಂಗ್ಲಿಷನ್ನೂ ಭೂಗೋಳವನ್ನೂ ಪಾಠ ಹೇಳಿದರು. ಯೇಟ್ಸ್ ಹುಡುಗನಾಗಿದ್ದಾಗ ಓದಿದ್ದ ಶಾಲೆ ಅದು. ೧೯೦೮ರಲ್ಲಿ ದಂಪತಿಗಳು ಸ್ನೇಹಿತರೊಡನೆ ಸೇರಿ ಸ್ತ್ರೀಯರ ಮತಾಧಿಕಾರಕ್ಕಾಗಿ ಐರಿಷ್ ಸಂಘವೊಂದನ್ನು ಸ್ಥಾಪಿಸಿದರು. ಆ ಹೋರಾಟದಲ್ಲಿ ಮಾರ್ಗರೆಟ್ ೧೯೧೦ರಲ್ಲಿ ಲಂಡನ್ನಿನಲ್ಲಿಯೂ ೧೯೧೩ರಲ್ಲಿ ಐರ್ಲೆಂಡಿನಲ್ಲಿಯೂ ಸೆರೆಮನೆ ಕಂಡರು. ಈ ಅಧ್ಯಾಯಗಳಲ್ಲಿ ಆಕೆಯ ಬರವಣಿಗೆ ಗಂಡನ ಬರವಣಿಗೆಗಿಂತ ನೇರವೂ ಚುರುಕೂ ಆಗಿದೆಯೆಂದು ನಮ್ಮ ಅಭಿಪ್ರಾಯ.

ಈ ನಡುವೆ ದಂಪತಿಗಳು ಥಿಯಾಸಫಿಯ ಕಡೆಗೆ, ಆ ಮೂಲಕ ಭಾರತದ ಕಡೆಗೆ ತಿರುಗಿದ್ದರು. ೧೯೧೨ರ ಬೇಸಗೆಯಲ್ಲಿ ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿದ್ದ ಮಾಡ್ ಗಾನ್‌ಳ ಮನೆಗೆ ಇವರಿಬ್ಬರೂ ಅತಿಥಿಗಳಾಗಿ ಹೋದರು. ಯೇಟ್ಸನೂ ಅಲ್ಲಿದ್ದನು. ಅವನ ಕೈಯಲ್ಲಿ ಬಂಗಾಳದ ಕವಿಯೊಬ್ಬರು ತಾವೇ ಇಂಗ್ಲಿಷಿಗೆ ತಿರುಗಿಸಿದ್ದ ಪದ್ಯಗಳ ಹಸ್ತಪ್ರತಿಯಿತ್ತು. ಆ ಪದ್ಯಗಳನ್ನು ಅವನು ಅತಿಥಿಗಳಿಗೆ ಓದಿ ಹೇಳಿದನು. ಅದೇ ‘ಗೀತಾಂಜಲಿ’, ಪುಸ್ತಕವಾಗಿ ಇನ್ನೂ ಹೊರಬಂದಿರಲಿಲ್ಲ, ನೊಬೆಲ್ ಪಾರಿತೋಷಕವೂ ಮುಂದಿನ ವರ್ಷದ ಮಾತು. ಐರಿಷ್ ಕವಿಯ ಧ್ವನಿಯಲ್ಲಿ, ಫ್ರಾನ್ಸಿನ ಕಡಲ ಬದಿಯಲ್ಲಿ, ಭಾರತದ ಕವಿತೆ ಕಸಿನ್ಸರ ಕಿವಿಗೆ ಹೀಗೆ ಬಿದ್ದಿತು. ಅಂದು ಕೇಳಿದ ಕವಿಯೇ ಮುಂದೆ ತಮ್ಮ ಮನೆಯ ಅತಿಥಿಯಾಗುವನೆಂದು ಅವರಿಗೆ ತಿಳಿದಿರಲಾರದು.

೧೯೧೩ರಲ್ಲಿ ಐರ್ಲೆಂಡನ್ನು ಬಿಟ್ಟು, ಲಿವರ್‌ಪೂಲಿನಲ್ಲಿ ಸ್ವಲ್ಪ ಕಾಲ ಇದ್ದು, ೧೯೧೫ರಲ್ಲಿ ಆನಿ ಬೆಸೆಂಟರ ಕರೆಯ ಮೇರೆಗೆ ದಂಪತಿಗಳು ಮದರಾಸಿಗೆ ಬಂದರು. ಕಸಿನ್ಸರಿಗೆ ‘ನ್ಯೂ ಇಂಡಿಯಾ’ ಪತ್ರಿಕೆಯ ಸಾಹಿತ್ಯವಿಭಾಗದ ಸಂಪಾದಕತ್ವ ದೊರೆಯಿತು. ವರ್ಷ ತುಂಬುವ ಮೊದಲೇ, ೧೯೧೬ರ ಈಸ್ಟರ್ ಹಬ್ಬದ ಸಮಯದಲ್ಲಿ, ಡಬ್ಲಿನ್ನಿನಲ್ಲಿ ದಂಗೆಯೆದ್ದಿತು. ಅದರ ಮುಖಂಡರಲ್ಲಿ ಮೂವರು ಕವಿಗಳಿದ್ದರು: ಪಿಯರ್ಸ್, ಮಕ್‌ಡೊನಾ, ಪ್ಲಂಕೆಟ್. ಮೇ ೩ ಮತ್ತು ೪ನೆಯ ತಾರೀಖುಗಳಲ್ಲಿ ಮೂವರನ್ನೂ ಗುಂಡಿಕ್ಕಿ ಕೊಂದರು. ಅವರನ್ನು ಮೆಚ್ಚಿ ಬರೆದ ಕಸಿನ್ಸರು ಪತ್ರಿಕೆಯ ಕೆಲಸವನ್ನು ಕಳೆದುಕೊಂಡರು. ಅಲ್ಲಿಂದ ಮುಂದೆ ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜು ಅವರ ನೆಲೆಯಾಯಿತು. ಮೊದಲು ಅಧ್ಯಾಪಕರು, ಅನಂತರ ಪ್ರಿನ್ಸಿಪಾಲರು.

ಪರದೇಶದ ಈ ಸಾಹಿತ್ಯಜೀವನ ಸ್ವದೇಶದ್ದಕ್ಕಿಂತ ಫಲವತ್ತಾಯಿತು. ೧೯೧೭ರಲ್ಲಿ ಅವರು ಹೊಸ ಇಂಗ್ಲಿಷ್ ಕವಿತೆಯನ್ನು ಕುರಿತು ‘ನ್ಯೂ ವೇಸ್ ಇನ್ ಇಂಗ್ಲಿಷ್ ಲಿಟರೇಚರ್’ ಎಂಬ ಪುಸ್ತಕವನ್ನು ಪ್ರಕಟಿಸಿದರು. ಪುದುಚೇರಿಯಲ್ಲಿದ್ದ ಶ್ರೀ ಅರವಿಂದರು ಅದಕ್ಕೆ ವಿಮರ್ಶೆ ಬರೆಯತೊಡಗಿ, ಅದು ಬೆಳೆಬೆಳೆದು ೧೯೨೦ರವರೆಗೆ ‘ಆರ್ಯ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಹರಿದು, ‘ದಿ ಫ್ಯೂಚರ್ ಪೊಯೆಟ್ರಿ’ ಎಂಬ ಗ್ರಂಥವಾಯಿತು. ಚಿಕ್ಕ ಪುಸ್ತಕದಿಂದ ದೊಡ್ಡ ಪುಸ್ತಕವೊಂದು ಹುಟ್ಟಿತು. ೧೯೧೯ರ ಫೆಬ್ರವರಿಯಲ್ಲಿ ರವೀಂದ್ರನಾಥರು ದಕ್ಷಿಣದ ಪ್ರವಾಸದಲ್ಲಿ ದಣಿದು ವಿಶ್ರಾಂತಿಗಾಗಿ ಮದನಪಲ್ಲಿಗೆ ಬಂದರು. ಒಂದು ಸಂಜೆ ಕಾಲೇಜಿನವರ ಕೂಟದಲ್ಲಿ ಅವರು ‘ಜನಗಣಮನ’ವನ್ನು ಬಂಗಾಳಿಯಲ್ಲಿ ಹಾಡಿದರು. ಅರ್ಥ ತಿಳಿಯಬೇಕೆಂದು ಕೇಳಿದವರಿಗಾಗಿ ಅಲ್ಲಿಯೇ ಇಂಗ್ಲಿಷಿಗೆ ತಿರುಗಿಸಿ ಸ್ವಹಸ್ತದಿಂದ ಬರೆದುಕೊಟ್ಟರು. ಮಾರ್ಗರೆಟ್ ಅದರ ರಾಗವನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟರು. ಆ ಗೀತೆ ೧೯೫೦ರ ಜನವರಿ ೨೪ರಂದು ಭಾರತದ ರಾಷ್ಟ್ರಗೀತೆಯಾಯಿತು. ಈ ನೆನಪುಗಳ ಗ್ರಂಥ ಬೆಳಕು ಕಂಡುದೂ ಅದೇ ವರ್ಷ.

೧೯೧೯ರಲ್ಲಿಯೇ ಕವಿ ಯೋನೆ ನೊಗುಚಿಯ ಆಹ್ವಾನದಂತೆ ಕಸಿನ್ಸರು ಜಪಾನಿಗೆ ಹೋಗಿ, ಟೋಕಿಯೋ ನಗರದ ಕೇಯೋ ವಿಶ್ವವಿದ್ಯಾನಿಲಯದಲ್ಲಿ ಕೆಲವು ತಿಂಗಳು ಇಂಗ್ಲಿಷ್ ಕಾವ್ಯದ ಪಾಠ ಹೇಳಿದರು. ಮುಂದಿನ ದಶಕಗಳಲ್ಲಿ ಯುರೋಪು, ಅಮೆರಿಕ, ತಿರುವಾಂಕೂರು ಎಂದು ಸಂಚಾರ ಬೆಳೆಯಿತು. ಈ ಭಾಗದಲ್ಲಿ ಗ್ರಂಥ ಅಲ್ಲಲ್ಲಿ ಭಾಷಣಗಳ, ಭೇಟಿಗಳ ದಿನಚರಿಯಂತಾಗಿ ಓದುಗರನ್ನು ದಣಿಸುತ್ತದೆ. ಅದನ್ನು ಮರೆಮಾಚಬೇಕಾಗಿಲ್ಲ.

ಆದರೆ ನಮಗೆ, ಕನ್ನಡಿಗರಿಗೆ, ಈ ಸಂಚಾರದ ಒಂದು ತಂಗುದಾಣ ಬಹಳ ಮುಖ್ಯವಾದುದು. ೧೯೨೪ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಆಧುನಿಕ ಭಾರತೀಯ ಚಿತ್ರಗಳನ್ನು ಆರಿಸಿ ಜೋಡಿಸುವುದರಲ್ಲಿ ಕಸಿನ್ಸರು ನೆರವಾದರು. ಆ ವರ್ಷವೇ ಮೈಸೂರಿನಲ್ಲಿದ್ದ ಅವರನ್ನು ಇನ್ನೂ ಇಪ್ಪತ್ತು ತುಂಬದ ವಿದ್ಯಾರ್ಥಿಯೊಬ್ಬರು ಕಾಣಲು ಹೋದರು. ಮಲೆನಾಡಿನಿಂದ ಬಂದ ತರುಣ. ಎರಡು ವರ್ಷಗಳ ಹಿಂದೆ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆಯನ್ನು ಅಚ್ಚು ಹಾಕಿಸಿದ್ದವರು. ಮುಂದೆ ಕುವೆಂಪು ಎಂದು ನಾಡಿಗೆಲ್ಲ ಪರಿಚಿತರಾದವರು ಇವರೇ. ತಮ್ಮ ಇಂಗ್ಲಿಷ್ ಪದ್ಯಗಳಿಗೆ ಐರ್ಲೆಂಡಿನ ಕವಿಯಿಂದ ಮೆಚ್ಚುಗೆ ಬರುವುದೆಂದು ನಿರೀಕ್ಷಿಸಿ ಹೋಗಿದ್ದ ಅವರಿಗೆ ಸಿಕ್ಕಿದುದು ಬೇರೆ. ತಮ್ಮ ಭಾಷೆಯಲ್ಲಿ ಏನನ್ನಾದರೂ ಬರೆದಿದ್ದೀರಾ ಎಂದು ಕಸಿನ್ಸರು ಕೇಳಿದರು. ಹೊಸ ಭಾವಗಳಿಗೆ ತಕ್ಕ ಛಂದಸ್ಸು ಕನ್ನಡದಲ್ಲಿಲ್ಲವೆಂದು ತರುಣರು ಆಕ್ಷೇಪಿಸಿದರು. ಯಾವ ಭಾಷೆಯೂ ಅಸಮರ್ಥವಲ್ಲ, ಬಳಸುವವನು ಸಮರ್ಥನಾಗಬೇಕು ಎಂಬ ಭಾವದ ಉತ್ತರ ಬಂದಿತು; ರವೀಂದ್ರರು ಬಂಗಾಳಿಯಲ್ಲಿ ಬರೆದುದರ ನಿದರ್ಶನವೂ ಬಂದಿತು. ನಿರಾಶೆಯಿಂದ ಹಿಂದಿರುಗಿದ ತರುಣರು ಕನ್ನಡದಲ್ಲಿ ಬರೆಯತೊಡಗಿದರು. ಈ ಭೇಟಿಯನ್ನು ಕುವೆಂಪು ಅವರೇ ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ‘ಶ್ರೀ ರಾಮಾಯಣ ದರ್ಶನಂ’ ೧೯೪೯ರಲ್ಲಿ ಹೊರಬಂದಿತು. ೧೯೬೭ರ ಜ್ಞಾನಪೀಠ ಪ್ರಶಸ್ತಿ ಅದಕ್ಕೆ ಸಂದಿತು.

ಇದರಿಂದ, ಒಬ್ಬ ಪರದೇಶದವರ ಒಂದು ಮಾತಿನಿಂದಲೇ ಹೊಸಗನ್ನಡ ಕಾವ್ಯ ಹುಟ್ಟಿತೆಂದು ತಿಳಿಯಬಾರದು. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಶ್ರೀಕಂಠಯ್ಯನವರು ಧಾರವಾಡದಲ್ಲಿ ಮಾತನಾಡಿದುದು ೧೯೧೧ರಷ್ಟು ಹಿಂದೆ. ಗಾಳಿ ಬೀಸುತ್ತಿತ್ತು, ದೋಣಿಯೂ ಸಿದ್ಧವಾಗಿತ್ತು. ಹಗ್ಗ ಬಿಚ್ಚಿದವರು ಕಸಿನ್ಸ್, ಅಷ್ಟೆ.

ಆದರೆ ಆ ಹಗ್ಗವನ್ನು ಬಿಚ್ಚಬೇಕೆಂದು ಅವರಿಗೇ ಏಕೆ ತೋರಬೇಕು? ಇಲ್ಲಿ ಒಂದು ವಿಚಿತ್ರವುಂಟು. ಹೀಗೆ ಬುದ್ಧಿ ಹೇಳಿದವರು ತಮ್ಮ ಕವಿತೆಯನ್ನೆಲ್ಲ ಬರೆದುದು ಇಂಗ್ಲಿಷಿನಲ್ಲಿ. ಯೇಟ್ಸನೂ ಹಾಗೆಯೇ, ಜಾಯ್ಸನೂ ಹಾಗೆಯೇ. ಇಂಗ್ಲಿಷಿನಲ್ಲಿಯೇ ಐರಿಷ್ ಸಾಹಿತ್ಯ ಸಾಧ್ಯವಾಯಿತಲ್ಲ, ಕನ್ನಡಿಗನಿಗೆ ಏಕೆ ಆಗದು, ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ನಮಗೆ ತೋರುವ ಉತ್ತರವಿಷ್ಟು: ಐರ್ಲೆಂಡಿನವರಿಗೆ ಇಂಗ್ಲಿಷು ಆಯ್ದುಕೊಂಡ ಭಾಷೆಯಲ್ಲ, ಉಳಿದ ಭಾಷೆ. ಕ್ಷಾಮ ಅವರ ಮನೆಯ ಮಾತನ್ನು ಕಸಿದುಕೊಂಡಿತ್ತು. ಬೆಲ್‌ಫಾಸ್ಟಿನ ಹುಡುಗನಿಗೆ ತಾಯಿಯ ಬಾಯಿಂದ ಬಂದುದು ಇಂಗ್ಲಿಷೇ. ತನ್ನ ದೇಶದ ಪುರಾಣವನ್ನು ಅವನು ಇನ್ನೊಂದು ದೇಶದ ನುಡಿಯಲ್ಲಿ ಹೇಳಬೇಕಾಯಿತು. ಅಂಥವರ ಮುಂದೆ, ಸಾವಿರ ವರ್ಷ ಬಾಳಿ ಇನ್ನೂ ಕೋಟ್ಯಂತರ ಬಾಯಿಗಳಲ್ಲಿ ಜೀವಂತವಾಗಿರುವ ಭಾಷೆಯೊಂದರ ತರುಣನು ತನ್ನ ಮಾತು ಸಾಲದೆಂದು ಹೇಳಿದಾಗ, ಅವರಿಗೆ ಏನು ಅನ್ನಿಸಿರಬೇಕು! ಮನೆ ಕಳೆದುಕೊಂಡವರು, ತುಂಬಿದ ಮನೆಯ ಮಗನು ಛತ್ರದ ಬಾಗಿಲಲ್ಲಿ ನಿಂತಿರುವುದನ್ನು ಕಂಡಂತೆ ಆಗಿರಬೇಕು.

ಕಾಲೇಜುಗಳಲ್ಲಿ ಇಂಗ್ಲಿಷನ್ನು ಬೋಧಿಸುವ ನಮ್ಮಂತಹವರಿಗೆ ಈ ಪ್ರಸಂಗ ಹಿತವಾದುದಲ್ಲ, ಆದರೆ ಹಿತಕರವಾದುದು. ನಾವೂ ವಿದ್ಯಾರ್ಥಿದೆಸೆಯಲ್ಲಿ ಇಂಗ್ಲಿಷ್ ಪದ್ಯಗಳನ್ನು ಹೊಸೆದವರೇ. ನಮ್ಮನ್ನು ನೋಡಿ ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳುವವರು ಸಿಕ್ಕಲಿಲ್ಲ. ಮೆಚ್ಚಿ ಬೆನ್ನು ತಟ್ಟಿದವರು ಸಿಕ್ಕಿದರು. ಹುಡುಗರ ಇಂಗ್ಲಿಷ್ ಪದ್ಯವನ್ನು ಮೆಚ್ಚುವುದು ಸುಲಭ. ಅವರ ಮುನಿಸನ್ನು ಸಹಿಸಿಕೊಂಡು ಅವರನ್ನು ಅವರ ಮನೆಗೆ ಕಳುಹಿಸುವುದು ಕಷ್ಟ. ಇಂಗ್ಲಿಷ್ ಸಾಹಿತ್ಯವನ್ನು ತಿರಸ್ಕರಿಸಿರೆಂದು ಕಸಿನ್ಸರು ಯಾರಿಗೂ ಹೇಳಲಿಲ್ಲ. ಜೀವಮಾನವೆಲ್ಲ ಅದನ್ನೇ ಬೋಧಿಸಿದರು. ಅದನ್ನು ಓದಿ ಬಂದ ಬೆಳಕಿನಲ್ಲಿ ಸ್ವಂತ ಮನೆಯನ್ನು ನೋಡಿಕೊಳ್ಳಿ ಎಂಬುದೇ ಅವರು ಡಬ್ಲಿನ್ನಿನಿಂದ ಹೊತ್ತು ತಂದ ಪಾಠ.

ಮಾರ್ಗರೆಟ್ ೧೯೧೭ರಲ್ಲಿ ಮದರಾಸಿನಲ್ಲಿ ಭಾರತೀಯ ಮಹಿಳಾ ಸಂಘವನ್ನು ಕಟ್ಟುವುದರಲ್ಲಿಯೂ, ೧೯೨೭ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಸೇರಿಸುವುದರಲ್ಲಿಯೂ ಮುಂದಾಳಾಗಿ, ೧೯೩೨ರಲ್ಲಿ ವೆಲ್ಲೂರಿನ ಸೆರೆಮನೆಯನ್ನೂ ಕಂಡರು. ೧೯೫೪ರ ಮಾರ್ಚಿಯಲ್ಲಿ ತೀರಿಕೊಂಡರು. ಕಸಿನ್ಸರು ೧೯೫೬ರ ಫೆಬ್ರವರಿಯಲ್ಲಿ ಮದನಪಲ್ಲಿಯಲ್ಲಿಯೇ ಕಣ್ಣು ಮುಚ್ಚಿದರು. ಅವರ ಕವಿತೆಗಳನ್ನು ಈಗ ಓದುವವರು ವಿರಳ. ಐರಿಷ್ ಸಾಹಿತ್ಯದ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕುವುದು ಒಂದೆರಡು ಸಾಲು, ಒಂದು ಅಣಕುಪದ್ಯ, ಹತ್ತು ಷಿಲಿಂಗಿನ ಬಾಕಿ. ಆದರೂ ‘ಗೀತಾಂಜಲಿ’ ಅಚ್ಚಾಗುವ ಮುನ್ನ ಅದನ್ನು ಕೇಳಿದ ಕಿವಿ, ‘ಜನಗಣಮನ’ಕ್ಕೆ ಆಶ್ರಯವಾದ ಮನೆ, ಅರವಿಂದರ ಗ್ರಂಥಕ್ಕೆ ಬೀಜವಾದ ಪುಸ್ತಕ, ಕನ್ನಡದ ಮಹಾಕವಿಯನ್ನು ಕನ್ನಡಕ್ಕೆ ತಿರುಗಿಸಿದ ಮಾತು, ಇವೆಲ್ಲವೂ ಅವರವೇ. ತಾವು ದೊಡ್ಡ ಕವಿಯಾಗದೆಯೂ ದೊಡ್ಡ ಕಾವ್ಯಕ್ಕೆ ಹೀಗೆ ನೆರವಾಗುವುದು ಸಾಧ್ಯ. ಜಾಯ್ಸನು ಹತ್ತು ಷಿಲಿಂಗನ್ನು ತೀರಿಸಿದನೋ ಇಲ್ಲವೋ, ಅದು ಅವನಿಗೆ ಬಿಟ್ಟದ್ದು. ಕನ್ನಡಿಗರು ಕಸಿನ್ಸರಿಗೆ ತೀರಿಸಬೇಕಾದುದು ಅದಕ್ಕಿಂತ ಹೆಚ್ಚಿನದು. ಅದನ್ನು ತೀರಿಸುವುದು ಕನ್ನಡದಲ್ಲಿ ಬರೆದೇ, ಕನ್ನಡವನ್ನು ಓದಿಯೇ.